ವಾರ್ಡಿನ ಆ ಕಿರಿಯ ಡಾಕ್ಟರ್ ಯಾರು?

ದೇವಸಮುದ್ರದ ಕಡೆಯವರಿಗೆ ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆ ದಾಟಿ ಮುಂದಕ್ಕೆ ಹೋಗಬೇಕಾದರೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಜನ ‘ವಿಮ್ಸ್’ ಎಂದೇ ಕರೆಯುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ. ಇಂಥ ಕಾಲೇಜು ಆಸ್ಪತ್ರೆಗೆ ರಾತ್ರಿ ಹೊತ್ತು ಹೋದರೆ ಮೊದಲು ಎದುರಾಗುವವರು ಹೆಚ್ಚಾಗಿ ಕಿರಿಯ ವಯಸ್ಸಿನ ಡಾಕ್ಟರು. “ಇವರಿನ್ನೂ ಓದುವ ಹುಡುಗರು, ದೊಡ್ಡ ಡಾಕ್ಟರನ್ನು ಕರೆಯಿರಿ” ಎಂದು ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಅದರಿಂದ ನಷ್ಟ ರೋಗಿಗೇ.

ಅವರು ಬರೀ ವಿದ್ಯಾರ್ಥಿಗಳಲ್ಲ. ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಓದಿ, 1 ವರ್ಷ ಇಂಟರ್ನ್‌ಶಿಪ್ ಮುಗಿಸಿ, ನೋಂದಣಿ ಪಡೆದ ವೈದ್ಯರು. ನೀಟ್ ಪಿ.ಜಿ. ಪರೀಕ್ಷೆ ಬರೆದು ಸೀಟು ಪಡೆದು, ಒಂದೇ ವಿಭಾಗದಲ್ಲಿ 3 ವರ್ಷ ತರಬೇತಿ ಪಡೆಯುತ್ತಿರುವವರು. ಮಕ್ಕಳ ವಿಭಾಗವಾದರೆ ಎಂ.ಡಿ., ಶಸ್ತ್ರಚಿಕಿತ್ಸೆಯಾದರೆ ಎಂ.ಎಸ್. ಹೃದಯ, ನರರೋಗದಂಥ ವಿಭಾಗಗಳ ಡಿ.ಎಂ. ಪದವಿಗೆ ಮತ್ತೆ 3 ವರ್ಷ. ಇವರ ಮೇಲೆ ಯೂನಿಟ್ಟಿನ ಹಿರಿಯ ವೈದ್ಯರು ಇರುತ್ತಾರೆ. ಈಗಿನ ನಿಯಮದಂತೆ ಪಿ.ಜಿ. ವೈದ್ಯರು 3 ತಿಂಗಳು ಜಿಲ್ಲಾ ಆಸ್ಪತ್ರೆ ಮಟ್ಟದಲ್ಲೂ ಕೆಲಸ ಮಾಡಬೇಕು.

ಹಿರಿಯರು ರೌಂಡ್ಸಿಗೆ ಬಂದಾಗ ರೋಗಿಯ ಕತೆ ಹೇಳುವವರು ಹೆಚ್ಚಾಗಿ ಈ ಕಿರಿಯರೇ. ನೀವು ಅವರಿಂದ ಮುಚ್ಚಿಟ್ಟದ್ದು ಹಿರಿಯರಿಗೂ ತಲುಪದೆ ಹೋಗಬಹುದು. ಆದ್ದರಿಂದ:

• ಹಳೆಯ ಚೀಟಿ, ರಿಪೋರ್ಟು, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ.

• ಊರಲ್ಲಿ ಹಾಕಿಸಿದ ಇಂಜೆಕ್ಷನ್, ನಾಟಿ ಔಷಧಿ, ಉಪವಾಸದಲ್ಲಿ ಬಿಟ್ಟ ಸಕ್ಕರೆ ಕಾಯಿಲೆಯ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ.

• ಯಾವ ಯೂನಿಟ್, ಹಿರಿಯ ವೈದ್ಯರು ಯಾವಾಗ ನೋಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಅನುಮಾನವಿದ್ದರೆ ಹಿರಿಯರನ್ನು ಕರೆಸಲು ಮರ್ಯಾದೆಯಿಂದ ಕೇಳುವುದು ತಪ್ಪಲ್ಲ.

• ಹೆಂಗಸರಿಗೆ ಲೇಡಿ ಡಾಕ್ಟರ್ ಬೇಕಿದ್ದರೆ ಮೊದಲೇ ಹೇಳಿ. ಆದರೆ ರಕ್ತಸ್ರಾವ, ಫಿಟ್ಸ್, ಉಸಿರಾಟದ ತೊಂದರೆ ಇದ್ದಾಗ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಜೀವ ಉಳಿಸುವುದು ಮೊದಲು.

ಕೊನೆಯದಾಗಿ ಮನೆಯೊಳಗಿನ ಮಾತು. ಲೇಡಿ ಡಾಕ್ಟರ್ ಬೇಕೆಂದು ಕೇಳುವ ನಾವೇ, ನಮ್ಮ ಮಗಳು ಎಂ.ಬಿ.ಬಿ.ಎಸ್. ಮುಗಿಸಿದ ಕೂಡಲೇ “ಸಾಕು, ಇನ್ನು ಮದುವೆ” ಎನ್ನುತ್ತೇವೆ. ಹೆರಿಗೆ ತಜ್ಞೆಯಾಗಲು ಆಕೆಗೆ ಇನ್ನೂ 3 ವರ್ಷ ಬೇಕು, ರಾತ್ರಿ ಡ್ಯೂಟಿಯೂ ಸೇರಿ. ಆ 3 ವರ್ಷ ನಾವು ಕೊಡದಿದ್ದರೆ, ನಾಳೆ ನಮ್ಮ ಸೊಸೆಯ ಹೆರಿಗೆಗೆ ಲೇಡಿ ಡಾಕ್ಟರ್ ಎಲ್ಲಿಂದ ಬಂದಾರು?