ಮರುಭೂಮಿಯ ಅಂಚಿನಲ್ಲೊಂದು ಅಗ್ಗದ ಮನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನ ರಾಜ್ಯದ ರಾಜಧಾನಿ ಫೀನಿಕ್ಸ್ ನಗರ. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ತಿಂಗಳ ಹಿಂದೆ ನಮಗೊಂದು ಪತ್ರ ಬರೆದಿದ್ದರು. ನಗರದೊಳಗಿನ ಮನೆಗಳ ಬೆಲೆ ತಮ್ಮ ಕೈಗೆ ಎಟುಕದೆಂದೂ, ಊರ ಹೊರಗೆ ಮರುಭೂಮಿಯ ಅಂಚಿನ ಬಡಾವಣೆಯಲ್ಲಿ ಹಳೆಯ ಮನೆಯೊಂದು ಬಹು ಅಗ್ಗವಾಗಿ ಸಿಕ್ಕುವುದೆಂದೂ ತಿಳಿಸಿ, “ಕೊಳ್ಳಬಹುದೆ? ಭೌತಶಾಸ್ತ್ರ ಏನೆನ್ನುವುದು?” ಎಂದು ಕೇಳಿದ್ದರು. ಮನೆ ಕೊಳ್ಳುವ ವಿಚಾರದಲ್ಲಿ ಉಪಾಧ್ಯಾಯರ ಸಲಹೆ ಬೇಡುವುದು ವಿವೇಕವೋ ಅಲ್ಲವೋ ನಾವು ಹೇಳಲಾರೆವು. ಆದರೆ ಪ್ರಶ್ನೆ ಮಾತ್ರ ಸೊಗಸಾದುದು. ಮನೆಯ ಬೆಲೆಯಲ್ಲಿ ಮಾರುವವನಿಗೆ ಕೊಡುವ ಹಣ ಒಂದು ಭಾಗ. ಸೂರ್ಯನಿಗೂ ನೀರಿಗೂ ವರ್ಷವರ್ಷವೂ ತೆರುವ ಕಂದಾಯ ಇನ್ನೊಂದು. ಈ ಎರಡನೆಯ ಭಾಗವನ್ನು ಲೆಕ್ಕ ಹಾಕಿ ನೋಡೋಣ.

ಫೀನಿಕ್ಸ್ ನಗರ ಸೊನೋರ ಮರುಭೂಮಿಯ ನಡುವೆ ಇದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರು. 1990ರ ಜೂನ್ 26ರಂದು ಅಲ್ಲಿಯ ಉಷ್ಣತೆ 50 ಡಿಗ್ರಿ ಸೆಂಟಿಗ್ರೇಡಿಗೆ ಏರಿತ್ತು. 2023ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ 31 ದಿನ ಎಡೆಬಿಡದೆ ಹಗಲಿನ ಗರಿಷ್ಠ ಉಷ್ಣತೆ 43.3 ಡಿಗ್ರಿಯನ್ನು ಮುಟ್ಟಿತು ಇಲ್ಲವೆ ಮೀರಿತು. ಆ ಒಂದು ವರ್ಷದಲ್ಲಿ ಫೀನಿಕ್ಸನ್ನು ಒಳಗೊಂಡ ಮ್ಯಾರಿಕೋಪ ಕೌಂಟಿಯಲ್ಲಿ ಬಿಸಿಲಿನ ಬೇಗೆಗೆ ಸಂಬಂಧಪಟ್ಟು ಸತ್ತವರು 645 ಮಂದಿ. 2024ರಲ್ಲಿ 608. ಇವರಲ್ಲಿ ಹಲವರು ಬೀದಿಯಲ್ಲಲ್ಲ, ತಮ್ಮ ತಮ್ಮ ಮನೆಗಳ ಒಳಗೆ ಸತ್ತರು. ಮನೆಯೊಳಗೆ, ನೆರಳಿನಲ್ಲಿ, ಮನುಷ್ಯ ಹೇಗೆ ಬೇಗೆಯಿಂದ ಸಾಯುತ್ತಾನೆ?

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುಮ್ಮನೆ ಕುಳಿತ ಮನುಷ್ಯನ ದೇಹವೂ 100 ವ್ಯಾಟಿನಷ್ಟು ಶಾಖವನ್ನು ಉತ್ಪಾದಿಸುತ್ತಲೇ ಇರುವುದು. ಸುತ್ತಣ ಗಾಳಿ ಹಾಗೂ ಗೋಡೆಗಳು 35 ಡಿಗ್ರಿಗಿಂತ ತಣ್ಣಗಿದ್ದರೆ ಈ ಶಾಖ ತಾನಾಗಿ ಹೊರಕ್ಕೆ ಹರಿಯುವುದು. ಅವು ಹೆಚ್ಚು ಬಿಸಿಯಾದರೆ ಶಾಖದ ಹರಿವು ತಿರುಗುಮುರುಗಾಗಿ ಹೊರಗಿನದು ದೇಹದೊಳಕ್ಕೆ ಬರತೊಡಗುವುದು. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಕೊಂಡೊಯ್ಯುವುದು. ದೇಹದ ಸ್ವಂತ ಶಾಖವನ್ನು ಕಳೆಯಲು ಗಂಟೆಗೆ 150 ಗ್ರಾಂ ಬೆವರು ಸಾಕು. ಹೊರಗಿನಿಂದ ಒಳಬರುವ ಶಾಖಕ್ಕೆ ಬೇರೆ ಲೆಕ್ಕ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದೇ ತಿಳಿಯದು. ವೃದ್ಧರಲ್ಲಿ ಬಾಯಾರಿಕೆಯ ಅರಿವೂ ಬೆವರುವ ಶಕ್ತಿಯೂ ಕುಂದಿರುತ್ತವೆ. ಫ್ಯಾನು ಹಾಕಿದರಾಯಿತು ಎನ್ನುವಂತೆಯೂ ಇಲ್ಲ. ಗಾಳಿಯೇ 40 ಡಿಗ್ರಿ ದಾಟಿದಾಗ ಬೆವರದ ದೇಹದ ಮೇಲೆ ಫ್ಯಾನು ಬೀಸುವುದು ಬರಿಯ ಬಿಸಿ.

ಇನ್ನು ಗೋಡೆಯ ವಿಚಾರ. ಫೀನಿಕ್ಸಿನ ದಕ್ಷಿಣಕ್ಕೆ ಕೂಲಿಜ್ ಎಂಬ ಊರಿನ ಬಳಿ ಕಾಸಾ ಗ್ರಾಂಡೆ ಎಂಬ ನಾಲ್ಕಂತಸ್ತಿನ ಪಾಳು ಕಟ್ಟಡವಿದೆ. ಹದಿನಾಲ್ಕನೆಯ ಶತಮಾನದಲ್ಲಿ, ಆ ಸೀಮೆಯಲ್ಲಿ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದ ಹೊಹೊಕಾಮ್ ಜನರು ಸುಣ್ಣ ಬೆರೆತ ಗಟ್ಟಿ ಮಣ್ಣಿನಿಂದ ಅದನ್ನು ಕಟ್ಟಿದರು. ಬುಡದಲ್ಲಿ ಅದರ ಗೋಡೆಯ ದಪ್ಪ ಒಂದು ಮೀಟರಿಗೂ ಹೆಚ್ಚು. ದಪ್ಪ ಮಣ್ಣಿನ ಗೋಡೆ ಏನು ಮಾಡುವುದೆಂಬುದನ್ನು ಬಳ್ಳಾರಿ, ರಾಯಚೂರುಗಳ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಧ್ಯಾಹ್ನ ಮಲಗಿ ಎದ್ದವರು ಬಲ್ಲರು. ಹಗಲು ಗೋಡೆಯ ಹೊರಮೈ ಕಾಯುವುದು, ರಾತ್ರಿ ಆರುವುದು. ಈ ಏರಿಳಿತ ಒಂದು ಅಲೆಯಂತೆ ಗೋಡೆಯೊಳಕ್ಕೆ ಸಾಗುವುದು. ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರು ಸಾಗುವಷ್ಟರಲ್ಲಿ ಅಲೆಯ ಎತ್ತರ ಮೂರನೆಯ ಒಂದು ಭಾಗಕ್ಕೆ ಇಳಿಯುವುದು. ಸಾಗಲು ನಾಲ್ಕು ಗಂಟೆಗಳ ಹತ್ತಿರ ಹಿಡಿಯುವುದು. ಗೋಡೆ 35 ಸೆಂಟಿಮೀಟರು ದಪ್ಪವಿದ್ದರೆ ಅಲೆಯ ಇಪ್ಪತ್ತನೆಯ ಒಂದು ಪಾಲು ಮಾತ್ರ ಒಳಮೈಯನ್ನು ಮುಟ್ಟುವುದು, ಅದೂ ಹನ್ನೊಂದು ಹನ್ನೆರಡು ಗಂಟೆ ತಡವಾಗಿ. ಸಂಜೆ ನಾಲ್ಕರ ಬಿಸಿಲು ಒಳಗೆ ಕಾಲಿಡುವುದು ಬೆಳಗಿನ ಜಾವಕ್ಕೆ! ಆ ಹೊತ್ತಿಗೆ ಹೊರಗೆ ತಂಪು. ಕಿಟಕಿ ತೆರೆದರೆ ತೀರಿತು. ಲೆಕ್ಕ ಸ್ಥೂಲವಾದುದು, ತತ್ತ್ವ ಸರಿಯಾದುದು.

ನಮ್ಮ ವಿದ್ಯಾರ್ಥಿ ನೋಡಿದ ಮನೆ ಅಂಥದಲ್ಲ. ಅದು ಕಾರ್ಖಾನೆಯಲ್ಲಿ ತಯಾರಾಗಿ ಚಕ್ರಗಳ ಮೇಲೆ ಬಂದು ನಿಂತ, ಮರದ ಚೌಕಟ್ಟಿಗೆ ತೆಳುವಾದ ಲೋಹದ ಹೊದಿಕೆಯುಳ್ಳ ಮನೆ. ಅಲ್ಲಿ ಅದನ್ನು ಮೊಬೈಲ್ ಹೋಮ್ ಎನ್ನುತ್ತಾರೆ. ನಿಂತ ಮೇಲೆ ಹೆಚ್ಚಿನವು ಕದಲುವುದೇ ಇಲ್ಲ. ಬಡವರಿಗೂ ನಿವೃತ್ತರಿಗೂ ಕೈಗೆಟುಕುವ ಸ್ವಂತ ಮನೆ ಅದೊಂದೇ ಎಂದರೆ ಅತಿಶಯೋಕ್ತಿಯಲ್ಲ. 1976ರ ಜೂನಿನಲ್ಲಿ ಇಂಥ ಮನೆಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಟ್ಟಡದ ನಿಯಮಗಳು ಜಾರಿಗೆ ಬಂದವು. ಅದಕ್ಕೂ ಹಿಂದಿನವುಗಳ ಗೋಡೆ, ಚಾವಣಿಗಳಲ್ಲಿ ಉಷ್ಣನಿರೋಧಕದ ಪದರ ಅತ್ಯಲ್ಪ.

ಚಾವಣಿಯ ವಿಸ್ತೀರ್ಣ 75 ಚದರ ಮೀಟರು ಎಂದಿಟ್ಟುಕೊಳ್ಳೋಣ. ಬೇಸಿಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟಿನಂತೆ 75 ಕಿಲೋವ್ಯಾಟು ಬಿಸಿಲು ಅದರ ಮೇಲೆ ಸುರಿಯುವುದು. ಅದರಲ್ಲಿ ನೂರಕ್ಕೆ ನಾಲ್ಕು ಪಾಲು ಒಳಕ್ಕಿಳಿದರೂ 3 ಕಿಲೋವ್ಯಾಟು ಆಯಿತು. ಒಂದೊಂದು ಕಿಲೋವ್ಯಾಟಿನ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಇಡೀ ಮಧ್ಯಾಹ್ನ ಕಾಯಿಸಿಟ್ಟು ಕೋಣೆಯಲ್ಲಿ ಕುಳಿತಂತೆ! ತೆಳುಗೋಡೆಗೆ ಶಾಖವನ್ನು ಹಿಡಿದಿಡುವ ಶಕ್ತಿಯಿಲ್ಲದ ಕಾರಣ ತಂಪುಮಾಡುವ ಯಂತ್ರ ನಿಂತ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಗಾಳಿ ಹೊರಗಿನದನ್ನು ಹಿಂದೆ ಹಾಕುವುದು. ಮ್ಯಾರಿಕೋಪ ಕೌಂಟಿಯ ವಸತಿಗಳಲ್ಲಿ ಇಂಥ ಮನೆಗಳು ನೂರಕ್ಕೆ ಐದರಷ್ಟು ಮಾತ್ರ. ಆದರೆ ಮನೆಯೊಳಗಿನ ಉಷ್ಣಮರಣಗಳಲ್ಲಿ ಕಾಲು ಭಾಗಕ್ಕೂ ಮಿಕ್ಕು ಇವುಗಳಲ್ಲೇ ಸಂಭವಿಸಿವೆಯೆಂದು ಅರಿಜೋನ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದ್ದಾರೆ.

ಹಾಗಾದರೆ ಮಣ್ಣಿನ ಮನೆಯೇ ಪರಿಹಾರವೆ? ಆತುರ ಬೇಡ. ದಪ್ಪ ಗೋಡೆ ಹಗಲುರಾತ್ರಿಗಳನ್ನು ಸರಾಸರಿ ಮಾಡುವುದೇ ಹೊರತು ಸರಾಸರಿಗಿಂತ ಕೆಳಗೆ ಇಳಿಸಲಾರದು. 2023ರ ಜುಲೈ ತಿಂಗಳಲ್ಲಿ ಫೀನಿಕ್ಸಿನ ಸರಾಸರಿ ಉಷ್ಣತೆಯೇ 39.3 ಡಿಗ್ರಿ. ಅದೇ ತಿಂಗಳ 19ರಂದು ದಿನದ ಕನಿಷ್ಠ ಉಷ್ಣತೆ 36.1 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಅಂದರೆ ದಿನದಲ್ಲಿ ಅತಿ ತಂಪಾದ ಹೊತ್ತೂ ಚರ್ಮಕ್ಕಿಂತ ಬಿಸಿ. ಇಂಥ ತಿಂಗಳಲ್ಲಿ ಕಾಸಾ ಗ್ರಾಂಡೆಯ ಗೋಡೆಯೂ ಸೋತಂತೆಯೇ. ಇದು ಊರ ನಡುವಿನ ವಿಮಾನ ನಿಲ್ದಾಣದ ಅಳತೆ. ಡಾಂಬರೂ ಕಾಂಕ್ರೀಟೂ ಹಗಲು ಹೀರಿದ ಶಾಖವನ್ನು ರಾತ್ರಿಯೆಲ್ಲ ಕಕ್ಕುವುದರಿಂದ ನಗರದ ಮಧ್ಯಭಾಗ ತಣಿಯದು. ಬಯಲಿನಲ್ಲಾದರೋ ನೆಲದ ಶಾಖ ಮೋಡವಿಲ್ಲದ ಒಣ ಆಕಾಶಕ್ಕೆ ವಿಕಿರಣವಾಗಿ ಹೊರಟುಹೋಗುವುದು. ರಾತ್ರಿಯ ಉಷ್ಣತೆ ಊರೊಳಗಿನದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇರುವುದು. ಹೊರವಲಯದ ವಾಸಕ್ಕೆ ಭೌತಶಾಸ್ತ್ರ ಕೊಡುವ ನಿಜವಾದ ಉಡುಗೊರೆ ಇದು. ಆದರೆ ಇಂದು ಅಂಚಿನಲ್ಲಿರುವ ಬಡಾವಣೆಯ ಆಚೆಗೆ ನಾಳೆ ಇನ್ನೊಂದು ಬಡಾವಣೆ ಏಳುವುದು. ಉಡುಗೊರೆಯ ಅವಧಿ ಎಷ್ಟೆಂದು ಮಾರುವವನು ಹೇಳುವುದಿಲ್ಲ.

ಉಳಿದುದು ಯಂತ್ರ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದನ್ನೂ, ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದನ್ನೂ ನಮ್ಮ ವಾಚಕರು ಬಲ್ಲರು. ಅದೇ ತತ್ತ್ವದ ಪೆಟ್ಟಿಗೆ, ನಾವು ಕೂಲರ್ ಎನ್ನುವುದು, 1930ರ ದಶಕದಿಂದಲೇ ಅರಿಜೋನದ ಮನೆಮನೆಗೂ ಬಂದಿತು. ನೀರು ನೆನೆಸಿದ ಮರದ ನಾರಿನ ಮೂಲಕ ಫ್ಯಾನು ಗಾಳಿಯನ್ನೆಳೆದು ಒಳಕ್ಕೆ ಬಿಡುವುದು. ಅದು ಕೊಡುವ ತಂಪಿಗೆ ಒಂದು ಮಿತಿಯುಂಟು. ಉಷ್ಣತಾಮಾಪಕದ ಬಲ್ಬಿಗೆ ಒದ್ದೆಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ಎಲ್ಲಿಗೆ ಇಳಿದು ನಿಲ್ಲುವುದೋ ಅದೇ ಆ ಮಿತಿ. ಜೂನ್ ತಿಂಗಳಲ್ಲಿ ಗಾಳಿ 42 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 10 ಇರುವಾಗ ಒದ್ದೆ ಬಲ್ಬು ಸುಮಾರು 20 ಡಿಗ್ರಿ ತೋರಿಸುವುದು. ಒಳ್ಳೆಯ ಕೂಲರು ಈ ಅಂತರದ ಐದರಲ್ಲಿ ನಾಲ್ಕು ಪಾಲನ್ನು ಇಳಿಸಿ 24 ಡಿಗ್ರಿಯ ಗಾಳಿ ಕೊಡಬಲ್ಲುದು. ಹವಾನಿಯಂತ್ರಣ ಯಂತ್ರಕ್ಕೆ ಬೇಕಾದ ವಿದ್ಯುತ್ತಿನ ಸಣ್ಣ ಭಾಗದಲ್ಲಿ ಈ ಕೆಲಸ ನಡೆಯುವುದು. ಬಡವನ ಯಂತ್ರವೆಂದರೆ ಇದೇ. ಆದರೆ ಜುಲೈ, ಆಗಸ್ಟಿನಲ್ಲಿ ಅಲ್ಲಿಗೂ ಒಂದು ಮಾನ್ಸೂನ್ ಬರುತ್ತದೆ. ಗಾಳಿ 40 ಡಿಗ್ರಿಯಿದ್ದು ಆರ್ದ್ರತೆ 35ಕ್ಕೆ ಏರಿತೆನ್ನೋಣ. ಆಗ ಒದ್ದೆ ಬಲ್ಬು 27ರಲ್ಲಿ ನಿಲ್ಲುವುದು. ಕೂಲರಿನಿಂದ ಬರುವುದು 30 ಡಿಗ್ರಿಯ ಜಿಗುಟು ಗಾಳಿ. ಯಂತ್ರದ ಅಗತ್ಯ ಅತ್ಯಂತ ಹೆಚ್ಚಿರುವಾಗಲೇ ಅದರ ಬಲ ಕುಗ್ಗುವುದು.

ಆದುದರಿಂದ ಕೊನೆಗೆ ಹವಾನಿಯಂತ್ರಣಕ್ಕೇ ಶರಣು. ಅದರ ಹಿಂದೆ ವಿದ್ಯುತ್ತಿನ ಬಿಲ್ಲು. ಉಷ್ಣನಿರೋಧಕವಿಲ್ಲದ ಮನೆಯಲ್ಲಿ ಅಗ್ಗದ ಮನೆಗೆ ಉಳಿಸಿದ ಹಣ ಈ ಬಿಲ್ಲಿಗೆ ಹೋಗುವುದು. 2018ರಲ್ಲಿ ಫೀನಿಕ್ಸಿನ ಹೊರವಲಯದ ವೃದ್ಧೆಯೊಬ್ಬರು ಅಲ್ಪ ಬಾಕಿಗಾಗಿ ವಿದ್ಯುತ್ ಕಡಿತವಾದ ಮೇಲೆ ಮನೆಯಲ್ಲೇ ಬೇಗೆಗೆ ಬಲಿಯಾದರು. ಈ ಸಂಗತಿ ಬಯಲಿಗೆ ಬಂದ ಬಳಿಕ, 2019ರಲ್ಲಿ, ರಾಜ್ಯದ ನಿಯಂತ್ರಣ ಮಂಡಲಿಯು ಬೇಸಿಗೆಯಲ್ಲಿ ಬಾಕಿಗಾಗಿ ವಿದ್ಯುತ್ ಕಡಿಯುವುದನ್ನು ತಡೆಯಿತು. ಮೊಬೈಲ್ ಹೋಮಿನವರಿಗೆ ಇನ್ನೊಂದು ತೊಡಕು. ಅನೇಕರಿಗೆ ಮನೆ ಸ್ವಂತ, ಕೆಳಗಿನ ನೆಲ ಬಾಡಿಗೆಯದು. ಅಂದಗೆಡುವುದೆಂದು ನೆಲದ ಒಡೆಯರು ಕಿಟಕಿಯ ಯಂತ್ರವನ್ನೂ ನೆರಳಿನ ಪರದೆಯನ್ನೂ ಬೇಡವೆನ್ನುವುದಿತ್ತು! ಅದಕ್ಕೆ ತಡೆ ಹಾಕುವ ಶಾಸನ ಬಂದದ್ದು 2024ರಲ್ಲಿ.

ನೀರಿನ ಮಾತನ್ನು ಕೊನೆಗಿಟ್ಟದ್ದು ಅದು ಚಿಕ್ಕದೆಂದಲ್ಲ. ಹೊರವಲಯದ ನೆಲ ಅಗ್ಗವಾಗಿರಲು ನೀರಿಲ್ಲದಿರುವುದೇ ಅನೇಕ ವೇಳೆ ಕಾರಣ. 1980ರ ಅಂತರ್ಜಲ ಶಾಸನದ ಪ್ರಕಾರ ಫೀನಿಕ್ಸ್ ಪ್ರದೇಶದಲ್ಲಿ ಆರು ಅಥವಾ ಹೆಚ್ಚು ನಿವೇಶನಗಳ ಬಡಾವಣೆ ಮಾಡುವವರು ನೂರು ವರ್ಷಕ್ಕೆ ಸಾಲುವ ನೀರಿನ ಆಧಾರ ತೋರಿಸಬೇಕು. ಐದೈದಾಗಿ ಸೀಳಿ ಮಾರಿದರೆ ಈ ಕಟ್ಟಳೆಯಿಲ್ಲ! ನಮ್ಮಲ್ಲಿ ರೆವಿನ್ಯೂ ಸೈಟು ಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸ್ಕಾಟ್ಸ್‌ಡೇಲ್ ನಗರದ ಆಚೆಗಿನ ರಿಯೋ ವರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆಯ ನೂರಾರು ಮನೆಗಳು ಆ ನಗರದಿಂದ ಟ್ಯಾಂಕರ್ ಲಾರಿಯಲ್ಲಿ ಬರುವ ನೀರನ್ನೇ ನಂಬಿದ್ದವು. ಕೊಲರಾಡೊ ನದಿಯ ಬರದ ಕಾರಣ ನಗರವು 2023ರ ಜನವರಿ 1ರಿಂದ ಅದನ್ನು ನಿಲ್ಲಿಸಿತು. ಜನ ಬಹು ದೂರದಿಂದ ದುಬಾರಿಯ ನೀರು ತರಿಸುತ್ತ, ಪಾತ್ರೆಗಳಿಗೆ ಮಳೆನೀರು ಹಿಡಿಯುತ್ತ ತಿಂಗಳುಗಟ್ಟಲೆ ಕಳೆದರು. ತಾತ್ಕಾಲಿಕ ಏರ್ಪಾಡಿಗೆ ರಾಜ್ಯದ ಶಾಸನವೇ ಬೇಕಾಯಿತು. ಅದೇ ವರ್ಷದ ಜೂನಿನಲ್ಲಿ ರಾಜ್ಯದ ಜಲ ಇಲಾಖೆ, ಮುಂದಿನ ನೂರು ವರ್ಷಗಳಲ್ಲಿ ಫೀನಿಕ್ಸ್ ಪ್ರದೇಶದ ಅಂತರ್ಜಲದ ಬೇಡಿಕೆಯಲ್ಲಿ ನೂರಕ್ಕೆ ಸುಮಾರು 4ರಷ್ಟು, ಅಂದರೆ 6 ಘನ ಕಿಲೋಮೀಟರಿನಷ್ಟು ನೀರು, ಪೂರೈಸಲು ಇರದೆಂದು ಲೆಕ್ಕ ಹಾಕಿತು. ಅಂತರ್ಜಲವೊಂದನ್ನೇ ನಂಬಿದ ಹೊಸ ಬಡಾವಣೆಗಳಿಗೆ ಪ್ರಮಾಣಪತ್ರ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಬಕೈ, ಕ್ವೀನ್ ಕ್ರೀಕ್‌ನಂಥ ಅಂಚಿನ ಊರುಗಳಿಗೇ ಇದರ ಪೆಟ್ಟು ಹೆಚ್ಚು.

ಈ ಲೆಕ್ಕಗಳನ್ನೆಲ್ಲ ಬರೆದು ಕಳುಹಿಸಿದೆವು. ಕೊಳ್ಳಬೇಡಿ ಎನ್ನಲಿಲ್ಲ, ನಗರದೊಳಗಿನ ಬಾಡಿಗೆ ಹೇಗೆ ಹಿಂಡುವುದೆಂದು ಅವರೇ ಬಲ್ಲರು. ಮನೆಯನ್ನು ಎಂದು ತಯಾರಿಸಿದರು, ಚಾವಣಿಯ ಕೆಳಗೆ ಎಷ್ಟು ದಪ್ಪದ ನಿರೋಧಕವಿದೆ, ಬಿಳಿಯ ಬಣ್ಣ ಬಳಿಯಲು ಅಡ್ಡಿಯಿದೆಯೆ, ನೀರು ಯಾರ ಕೊಳವೆಯಿಂದ ಬರುವುದು, ಯಾವ ಕರಾರಿನ ಮೇಲೆ ಬರುವುದು ಎಂಬಷ್ಟನ್ನು ವಿಚಾರಿಸಿರೆಂದು ತಿಳಿಸಿದೆವು. ದಲ್ಲಾಳಿ ಆ ಮನೆಯನ್ನು ತೋರಿಸಿದ್ದು ಜನವರಿಯ ಒಂದು ಮುಂಜಾನೆಯಂತೆ. ಆಗ ಅಲ್ಲಿ ತಂಪಾದ ಹವೆ. ಜುಲೈ ತಿಂಗಳ ಸಂಜೆ ನಾಲ್ಕು ಗಂಟೆಗೆ ಯಂತ್ರವನ್ನು ಒಂದು ಗಂಟೆ ನಿಲ್ಲಿಸಿ, ಒಂದು ಒಣ ಹಾಗೂ ಒಂದು ಒದ್ದೆ ಉಷ್ಣತಾಮಾಪಕವನ್ನು ಹಿಡಿದು ಆ ಮನೆಯನ್ನು ಇನ್ನೊಮ್ಮೆ ನೋಡಿ ಬರುವುದಾಗಿ ಅವರು ಒಪ್ಪಿದ್ದಾರೆ.