ಭೋಜನೇ ಮತ್ತಞ್ಞುತಾ: ‘ಸಾಕು’ ಎನ್ನಲು ಕಲಿಯುವುದು





ಇಂದಿನ ಚಿಂತನೆಯ ವಿಷಯ ಊಟದಲ್ಲಿ ಮಿತಿಯನ್ನು ಅರಿಯುವುದು. ಪಾಲಿಯಲ್ಲಿ ಇದಕ್ಕೆ ‘ಭೋಜನೇ ಮತ್ತಞ್ಞುತಾ’ ಎನ್ನುತ್ತಾರೆ. ಪಾಠಕ್ಕೆ ಮೊದಲು ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ.

ಎರಡೂವರೆ ವರ್ಷದ ಹಿಂದೆ ನನ್ನ ತೂಕ 114 ಕಿಲೊ ಇತ್ತು. ಈಗ 78. ಏನು ಮಾಡಿದಿರಿ ಎಂದು ನಮ್ಮ ಬಳಗದಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆ ನಡೆಯುತ್ತೇನೆ, ಧ್ಯಾನ ಮಾಡುತ್ತೇನೆ, ಉಪೋಸಥದ ದಿನ ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ. ಮೂರೂ ನಿಜ. ಆದರೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದನ್ನು ಮಾತ್ರ ಹೇಳಲಿಲ್ಲ. ‘ಹೊಟ್ಟೆ ಕತ್ತರಿಸಿಕೊಂಡು ತೆಳ್ಳಗಾದಳು’ ಎಂಬ ಮಾತಿಗೆ ಅಂಜಿದ್ದೆ.

ಕಳೆದ ತಿಂಗಳು ಭಾನುವಾರದ ವಂದನೆಯ ಹೊತ್ತಿಗೆ ನಮ್ಮ ಕಿರಿಯ ಸಹೋದರಿಯೊಬ್ಬಳು ತಲೆಸುತ್ತಿ ಬಿದ್ದಳು. ನೀರು ಕುಡಿಸಿ, ಗೋಡೆಗೆ ಒರಗಿಸಿ ಕೇಳಿದರೆ, “ಟೀಚರ್, ನಿಮ್ಹಂಗ ಆಗಬೇಕಂತ ಎರಡು ತಿಂಗಳಿಂದ ರಾತ್ರಿ ಊಟಾ ಬಿಟ್ಟೇನ್ರಿ. ಈಗ ನಾಷ್ಟಾನೂ ಬಿಟ್ಟೇನಿ. ನಿಮ್ಮಷ್ಟು ಮನಸ್ಸು ಗಟ್ಟಿ ಮಾಡಾಕ ನನಗ ಯಾಕ ಆಗವಲ್ದ್ರಿ?” ಎಂದಳು. ನಾಲ್ಕನೆಯ ಶೀಲ ಮುರಿದವಳು ನಾನು, ನೆಲಕ್ಕೆ ಬಿದ್ದವಳು ಅವಳು. ಅಂದೇ ಅವಳಿಗೆ ನಿಜ ಹೇಳಿದೆ. ಇಂದು ಅವಳ ಒಪ್ಪಿಗೆ ಪಡೆದು ನಿಮಗೆಲ್ಲ ಹೇಳುತ್ತಿದ್ದೇನೆ.

ಈಗ ಪಾಠಕ್ಕೆ ಬರೋಣ. ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿ ದೋಣಪಾಕ ಸುತ್ತ ಎಂಬ ಚಿಕ್ಕ ಸುತ್ತವಿದೆ. ಕೋಸಲದ ದೊರೆ ಪಸೇನದಿ ಊಟಕ್ಕೆ ಒಂದು ದೋಣ ಅಳತೆಯ ಅನ್ನ ಉಣ್ಣುತ್ತಿದ್ದ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತ ಭಗವಾನರ ಬಳಿ ಬಂದು ಕುಳಿತ. ಬುದ್ಧರು ಅವನನ್ನು ಜರೆಯಲಿಲ್ಲ. ಎಚ್ಚರದಿಂದ ಮಿತಿಯರಿತು ಉಣ್ಣುವವನ ಬಾಧೆಗಳು ಕಡಿಮೆಯಾಗುತ್ತವೆ, ಅವನಿಗೆ ಮುಪ್ಪು ನಿಧಾನವಾಗಿ ಬರುತ್ತದೆ ಎಂಬ ಅರ್ಥದ ಒಂದು ಗಾಥೆ ಹೇಳಿದರು. ದೊರೆಯ ಹಿಂದೆ ಸುದಸ್ಸನ ಎಂಬ ತರುಣ ನಿಂತಿದ್ದ. ಈ ಗಾಥೆ ಕಲಿತುಕೊ, ನಾನು ಉಣ್ಣುವಾಗ ಹೇಳು, ದಿನಕ್ಕೆ 100 ಕಹಾಪಣ ಕೊಡುತ್ತೇನೆ ಎಂದು ದೊರೆ ಅವನಿಗೆ ಹೇಳಿದ. ದಿನಗಳೆದಂತೆ ದೊರೆಯ ಊಟ ಒಂದು ನಾಳಿಯ ಅಳತೆಗೆ ಇಳಿಯಿತು, ಮೈ ಹಗುರಾಯಿತು.

ಇಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಊಟ ಇಳಿದದ್ದು ಕ್ರಮೇಣ. ಎರಡು, ದೊರೆ ತನ್ನ ಕಷ್ಟವನ್ನು ಮುಚ್ಚಿಡಲಿಲ್ಲ. ನನ್ನೊಬ್ಬನ ಕೈಲಿ ಆಗದು, ನೆನಪಿಸಲು ಒಬ್ಬರು ಬೇಕು ಎಂದು ಒಪ್ಪಿಕೊಂಡ. ನಾನು ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧ.

ನನಗೆ ಆದದ್ದು ‘ಸ್ಲೀವ್’ ಎಂಬ ಶಸ್ತ್ರಚಿಕಿತ್ಸೆ. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯಂತೆ ಮಾಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲಿಯೇ. ಹಾಗಾಗಿ ಮೊದಮೊದಲು ಹಸಿವೇ ಗೊತ್ತಾಗುವುದಿಲ್ಲ. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮೊಣಕಾಲು ನೋವು ಇಳಿಯಿತು. ವೈದ್ಯರ ಉಪಕಾರ ಮರೆಯಲಾರೆ. ಇದು ಸೋಮಾರಿಗಳ ದಾರಿಯಲ್ಲ. ತುತ್ತನ್ನು ನುಣ್ಣಗೆ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ಕಾಳು, ಮೊಟ್ಟೆ, ಮೊಸರು ಮೊದಲು ತಿನ್ನಬೇಕು. ಬಿ-12, ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆ ಮತ್ತು ರಕ್ತಪರೀಕ್ಷೆ ಜೀವನಪೂರ್ತಿ ಇರುತ್ತವೆ.

ನಾಲ್ಕನೆಯ ತಿಂಗಳು ಕೂದಲು ಉದುರತೊಡಗಿತು. ತೂಕ ಇಳಿಯುವ ಖುಷಿಯಲ್ಲಿ ಉಣ್ಣುವುದನ್ನೇ ಮರೆತಿದ್ದೆ. ಏಳನೆಯ ತರಗತಿಗೆ ಪಾಠ ಮಾಡುವಾಗ ಕಣ್ಣು ಕತ್ತಲೆಗಟ್ಟಿ ಬೋರ್ಡ್ ಹಿಡಿದು ನಿಂತೆ. ದೇಹವನ್ನು ದಂಡಿಸಿ ಎಲುಬಿನ ಗೂಡಾಗಿದ್ದ ಸಿದ್ಧಾರ್ಥ ಮತ್ತೆ ಅನ್ನ ಸ್ವೀಕರಿಸಿದ್ದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಮಧ್ಯಮ ಮಾರ್ಗ ಎಂದರೇನೆಂದು ನನಗೆ ತಿಳಿದದ್ದು ಆ ದಿನ.

ವರ್ಷ ಕಳೆದ ಮೇಲೆ ಹಸಿವು ಸ್ವಲ್ಪ ಸ್ವಲ್ಪ ಮರಳಿತು. ತಣ್ಹಾ ಮಾತ್ರ ಎಲ್ಲಿಗೂ ಹೋಗಿರಲೇ ಇಲ್ಲ. ಒಂದು ರೊಟ್ಟಿ ಹಿಡಿಸದ ಹೊಟ್ಟೆಯಲ್ಲಿ, ಮನಸ್ಸಿಗೆ ಬೇಸರವಾದ ದಿನ ಲೈನ್ ಬಜಾರಿನ ಪೇಡೆ ಒಂದಾದ ಮೇಲೊಂದು ಕರಗಿ ಇಳಿಯುತ್ತಿತ್ತು. 73ಕ್ಕೆ ಇಳಿದಿದ್ದ ತೂಕ ಹಾಗೆಯೇ 78 ಆಯಿತು. ಕೆಲವರಲ್ಲಿ ಊಟದ ಚಟ ಕುಡಿತದ ಚಟವಾಗುತ್ತದೆ, ಈ ಚಿಕಿತ್ಸೆಯಾದವರಿಗೆ ಮದ್ಯ ಬೇಗ ತಲೆಗೇರುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಐದನೆಯ ಶೀಲ ನಮ್ಮಂಥವರಿಗೆ ಔಷಧಿಯೂ ಹೌದು. ಕತ್ತರಿ ಜಠರವನ್ನು ಚಿಕ್ಕದು ಮಾಡಬಲ್ಲದು. ತಣ್ಹಾವನ್ನು ನಾವೇ ನೋಡಿಕೊಳ್ಳಬೇಕು.

ನನ್ನ ತಣ್ಹಾದ ಬೇರು ಎಲ್ಲಿದೆ ಎಂದು ತೋರಿಸಿಕೊಟ್ಟವಳು ಅವ್ವ. ಆಪರೇಷನ್ ಆದಮೇಲೆ ಅವಳು ಬಹಳ ನೊಂದಳು. “ಅರ್ಧಾ ರೊಟ್ಟಿ ಹಂಗ ಬಿಟ್ಟೆಲ್ಲವಾ, ನನ್ನ ಕೈ ರುಚಿ ಕೆಟ್ಟತೇನ?” ಎಂದು ಕಣ್ಣೀರು ತೆಗೆಯುತ್ತಿದ್ದಳು. ಅವಳ ಅವ್ವ, ಅಂದರೆ ನನ್ನ ಆಯಿ, ಸಂಜೆಯಾದರೆ ಬುಟ್ಟಿ ಹಿಡಿದು ಗೌಡರ ಓಣಿಯ ಬಾಗಿಲುಗಳಲ್ಲಿ ನಿಂತು ಉಳಿದ ರೊಟ್ಟಿ ಬೇಡಿ ತಂದವಳು. ಇವತ್ತು ಸಿಕ್ಕಿದೆ, ನಾಳೆ ಸಿಗಲಿಕ್ಕಿಲ್ಲ, ಆದ್ದರಿಂದ ಇರುವಷ್ಟನ್ನೂ ತಿಂದುಬಿಡು. ಈ ಅಂಜಿಕೆ ಆಯಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂತು. ತಿಂಗಳ ಪಗಾರ ಬರುತ್ತಿದ್ದರೂ ಮಕ್ಕಳ ತಾಟಿನಲ್ಲಿ ಉಳಿದದ್ದನ್ನು ಒರೆಸಿ ತಿನ್ನುತ್ತಿದ್ದೆ.

1927ರ ಮಾರ್ಚ್‌ನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ, ಬೇರೆಯವರು ಎಸೆದ ಎಂಜಲು ತಿನ್ನುವುದನ್ನು ಬಿಡಿ ಎಂದು ನಮ್ಮ ಜನರಿಗೆ ಕರೆ ಕೊಟ್ಟರು. ಅದು ಸ್ವಾಭಿಮಾನದ ಮಾತು. ಬೇರೆಯವರ ಬಾಗಿಲಿನ ಎಂಜಲನ್ನು ನಮ್ಮ ಮನೆ ಎಂದೋ ಬಿಟ್ಟಿತು. ನನ್ನದೇ ಅಡುಗೆಮನೆಯಲ್ಲಿ, ಹಸಿವಿಲ್ಲದಿದ್ದರೂ, ಅಂಜಿಕೆಯಿಂದ ತಿನ್ನುವುದನ್ನು ಬಿಡುವುದು ನನ್ನ ಪಾಲಿಗೆ ಉಳಿದಿತ್ತು. ಇದು ತಿಳಿದ ಮೇಲೆ ನನ್ನ ದೇಹದ ಬಗ್ಗೆ ನಾಚಿಕೆ ಕಡಿಮೆಯಾಗಿ ಆಯಿಯ ಬಗ್ಗೆ ಕರುಣೆ ಹುಟ್ಟಿತು.

ಕನ್ನಡ ಕಲಿಸುವವಳಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ ‘ಸಾಕು’ ಎಂದರೆ ಇಷ್ಟು ಸಾಲುತ್ತದೆ ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ. ಬೇಕಾದಷ್ಟಕ್ಕೆ ‘ಸಾಕು’ ಎನ್ನುವುದೇ ಈ ದೇಹವನ್ನು ಸಾಕುವ ಬಗೆ.

ಈಗ ಅವ್ವ ಅರ್ಧ ರೊಟ್ಟಿಯನ್ನೇ ಮುರಿದು ಹಾಕಿ, ಬಾಜೂಕ ಕುಳಿತು, “ಸಾವಕಾಶ ಉಣ್ಣವಾ. ಸಾಕೇನ?” ಎಂದು ಕೇಳುತ್ತಾಳೆ. ಕಹಾಪಣ ಕೇಳದ ನನ್ನ ಸುದಸ್ಸನ ಅವಳು.

ಇಂದಿನ ಅಭ್ಯಾಸ:
1. ಇಂದು ಒಂದು ಊಟವನ್ನು ಮೊಬೈಲು, ಟಿವಿ ಇಲ್ಲದೆ ಮಾಡಿ. ಅರ್ಧ ಉಂಡ ಮೇಲೆ ಒಂದು ಕ್ಷಣ ನಿಂತು, ಇದು ಹಸಿವೋ, ಬೇಸರವೋ, ಅಂಜಿಕೆಯೋ ಎಂದು ಕೇಳಿಕೊಳ್ಳಿ.
2. ಮನೆಯಲ್ಲಿ ಒಬ್ಬರನ್ನು ನಿಮ್ಮ ಸುದಸ್ಸನರಾಗಲು ಕೇಳಿಕೊಳ್ಳಿ.
3. ಯಾರ ದೇಹದ ಬಗ್ಗೆಯೂ ಹಾಸ್ಯ ಮಾಡಬೇಡಿ. ತೂಕ ಇಳಿಸಬೇಕೆನ್ನುವವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಊಟ ಬಿಡುವ ಮೊದಲು ವೈದ್ಯರನ್ನು ಕಾಣಿ. ಆಪರೇಷನ್ ಬಗ್ಗೆ ಕೇಳುವುದಿದ್ದರೆ ನನ್ನನ್ನು ಕೇಳಿ. ಈ ಸಲ ನಿಜವನ್ನೇ ಹೇಳುತ್ತೇನೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್. 🙏