ಎಲೆಯೊಳಗೆ ನೀರು ಒಡೆಯುವ ಬಗೆ

ನಮ್ಮ ಗೋನೆಗಂಡ್ಲ ಮಳೆ ಕಡಿಮೆಯಾದ ಸೀಮೆ. ಇಲ್ಲಿ ನೀರಿನ ಬೆಲೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊಲದ ಶೇಂಗಾ ಗಿಡ ಬೇರಿನಿಂದ ಹೀರಿದ ನೀರನ್ನು ಏನು ಮಾಡುತ್ತದೆ ಎಂದು ಕೇಳಿದರೆ, ನಮ್ಮಲ್ಲಿ ಬಹಳ ಮಂದಿ "ಕುಡಿಯುತ್ತದೆ" ಎಂದು ಹೇಳಿ ಸುಮ್ಮನಾಗುತ್ತೇವೆ.

ಕುಂಟೆಯಿಂದ ತಂದ ಹೈಡ್ರಿಲ್ಲ ಗಿಡವನ್ನು ನಾವು ಬೀಕರಿನ ನೀರಿನಲ್ಲಿಟ್ಟು, ಅದರ ಮೇಲೆ ಆಲಿಕೆಯನ್ನು ಬೋರಲು ಹಾಕಿ, ಆಲಿಕೆಯ ಕೊಳವೆಯ ಮೇಲೆ ನೀರು ತುಂಬಿದ ಪ್ರನಾಳವನ್ನು ತಲೆಕೆಳಗಾಗಿ ನಿಲ್ಲಿಸಿದೆವು. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದೆವು. ಬಿಸಿಲಿನಲ್ಲಿಟ್ಟಾಗ ಗುಳ್ಳೆಗಳು ಎದ್ದವು; ನೆರಳಿಗೆ ತಂದಾಗ ಕಡಿಮೆಯಾದವು. ಪ್ರನಾಳದಲ್ಲಿ ಸೇರಿದ ಅನಿಲಕ್ಕೆ ಕೆಂಡವಿರುವ ಕಡ್ಡಿಯನ್ನು ಹಿಡಿದಾಗ ಅದು ಭಗ್ಗನೆ ಹೊತ್ತಿಕೊಂಡಿತು. ಅದೇ ಆಮ್ಲಜನಕ.

ಈ ಆಮ್ಲಜನಕ ಬಂದದ್ದು ಎಲ್ಲಿಂದ? ಇಂಗಾಲದ ಡೈ ಆಕ್ಸೈಡಿನಿಂದ ಎಂದು ನಾವು ಉತ್ತರಿಸಿದೆವು. ಅದು ತಪ್ಪು. ವಿಜ್ಞಾನಿಗಳಲ್ಲಿಯೂ ಬಹುಕಾಲ ಇದೇ ಭಾವನೆಯಿತ್ತು. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಅವರ ಸಂಗಡಿಗರು ಭಾರವಾದ ಆಮ್ಲಜನಕವಿರುವ ನೀರನ್ನು ಪಾಚಿಗೆ ಕೊಟ್ಟು ಪರೀಕ್ಷಿಸಿದರು. ಹೊರಬಂದ ಅನಿಲದಲ್ಲಿ ಆ ಭಾರವಾದ ಆಮ್ಲಜನಕವೇ ಇತ್ತು. ಅಂದರೆ, ಒಡೆದದ್ದು ನೀರು.

ಒಡೆಯುವ ಬಗೆ ಹೀಗೆ. ಎಲೆಯ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ. ಬೆಳಕು ಬಿದ್ದಾಗ ಅವುಗಳಲ್ಲಿರುವ ಪತ್ರಹರಿತ್ತು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಆ ಕೊರತೆಯನ್ನು ತುಂಬುವುದು ಪಕ್ಕದಲ್ಲಿರುವ ಒಂದು ಚಿಕ್ಕ ಗುಂಪು. ಅದರಲ್ಲಿ ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಂ ಪರಮಾಣುವೂ ಇವೆ. ಹೀಗೆ ನಾಲ್ಕು ಸಲ ಎಲೆಕ್ಟ್ರಾನ್ ಕೊಟ್ಟ ಮೇಲೆ ಆ ಗುಂಪು ಎರಡು ನೀರಿನ ಅಣುಗಳಿಂದ ತನ್ನ ಬಾಕಿಯನ್ನು ತೀರಿಸಿಕೊಳ್ಳುತ್ತದೆ:

2 ನೀರಿನ ಅಣು → 1 ಆಮ್ಲಜನಕದ ಅಣು + 4 ಜಲಜನಕದ ಅಯಾನು + 4 ಎಲೆಕ್ಟ್ರಾನು

1969ರಲ್ಲಿ ಫ್ರಾನ್ಸಿನ ಪಿಯರ್ ಜೋಲಿಯೋ ಮಿಂಚಿನಂತೆ ಬಿಟ್ಟು ಬಿಟ್ಟು ಬೆಳಕು ಹಾಯಿಸಿ, ನಾಲ್ಕಕ್ಕೊಮ್ಮೆ ಆಮ್ಲಜನಕ ಹೆಚ್ಚುವುದನ್ನು ಕಂಡರು. 1970ರಲ್ಲಿ ಬೆಸೆಲ್ ಕಾಕ್ ಈ ನಾಲ್ಕರ ಲೆಕ್ಕವನ್ನು ವಿವರಿಸಿದರು. 2011ರಲ್ಲಿ ಜಪಾನಿನ ವಿಜ್ಞಾನಿಗಳು ಆ ಗುಂಪಿನ ರಚನೆಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು.

ತೂಕದಲ್ಲಿ ಹೇಳುವುದಾದರೆ, 36 ಗ್ರಾಂ ನೀರು ಒಡೆದರೆ 32 ಗ್ರಾಂ ಆಮ್ಲಜನಕ ಬರುತ್ತದೆ. ಉಳಿದ 4 ಗ್ರಾಂ ಜಲಜನಕದ ಬಲದಿಂದ ಗಿಡವು ಇಂಗಾಲದ ಡೈ ಆಕ್ಸೈಡನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ನಾವು ತಿನ್ನುವ ಜೋಳದ ರೊಟ್ಟಿಯ ಮೂಲವೂ ಇದೇ.

ಬೇರು ಹೀರಿದ ನೀರಿನಲ್ಲಿ ಹೀಗೆ ಒಡೆಯುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚಿನದು ಪತ್ರರಂಧ್ರಗಳ ಮೂಲಕ ಆವಿಯಾಗುತ್ತದೆ. ಹಾಗಾದರೆ ಮಳೆ ತಪ್ಪಿದಾಗ ಬೆಳೆ ಕೆಡುವುದೇಕೆ? ನೀರು ಸಾಲದಿದ್ದಾಗ ಗಿಡ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲದ ಡೈ ಆಕ್ಸೈಡೂ ಒಳಗೆ ಬಾರದು. ಎಲೆಕ್ಟ್ರಾನುಗಳನ್ನು ಪಡೆಯುವವರಿಲ್ಲದೆ ನೀರೊಡೆಯುವ ಕೆಲಸ ಕುಂಠಿತವಾಗುತ್ತದೆ. ಬಿರುಬಿಸಿಲು ಆ ಯಂತ್ರವನ್ನೇ ಕೆಡಿಸುತ್ತದೆ. ಕಾಯಿ ಜೊಳ್ಳಾಗುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ಗೆಳೆಯರೇ, ಗಿಡಕ್ಕೆ ಹಾಕುವ ಒಂದು ಚೆಂಬು ನೀರು ವ್ಯರ್ಥವೆಂದು ತಿಳಿಯದಿರೋಣ. ಅದರಲ್ಲಿ ಸ್ವಲ್ಪ ನಮ್ಮ ಉಸಿರಾಗಿ ಮರಳಿ ಬರುತ್ತದೆ.